ಬೆಟಗೇರಿ ಸೀಮೆಯ ಕ್ರೈಸ್ತಸಭೆ: ನಿರೀಕ್ಷೆಯೂ ಬೆಳವಣಿಗೆಯೂ

ತುಂಗಭದ್ರೆಯ ಎಡದಂಡೆಯ ಹಮ್ಮಿಗಿಯು 1858ರ ಬಂಡಾಯದಲ್ಲಿ ಕೆಂಚನಗೌಡನ ಹೆಸರಿನಿಂದ ಇತಿಹಾಸಕ್ಕೆ ಸಂದ ಗ್ರಾಮ. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಅದು ಎರಡು ಮಿಷನ್ನುಗಳ ಕಾರ್ಯಕ್ಷೇತ್ರಗಳ ನಡುವೆ ಇದ್ದಿತು. ಹೊಳೆಯಾಚೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಿಂದ ನೆಲಸಿ, ಸಂಗಡಿಗರೊಡನೆ ಬೈಬಲನ್ನು ಕನ್ನಡಿಸಿದ್ದನು. ಈಚೆಗೆ, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿಯೂ ಕಾರ್ಯಾರಂಭ ಮಾಡಿದರು. ಗ್ರಂಥವಿದ್ದಿತು, ಬೋಧಕರಿದ್ದರು, ಸರಕಾರದ ವಿರೋಧವಿರಲಿಲ್ಲ. ಆದರೂ ಸಭೆಯು ಹಬ್ಬಲಿಲ್ಲ, ಹಬ್ಬದಿದ್ದರೂ ಅಳಿಯಲಿಲ್ಲ. ಇದರ ಕಾರಣವು ವಿಚಾರಾರ್ಹವಾಗಿದೆ.

ಮೊದಲ ವರ್ಷಗಳಲ್ಲಿ ಮಿಷನರಿಗಳ ನಿರೀಕ್ಷೆಯು ಬಹು ದೊಡ್ಡದಾಗಿತ್ತು. ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಗಡದವರು 1840ರ ಸುಮಾರಿಗೆ ಅವರನ್ನು ಕಂಡು, ತಮ್ಮ ಗ್ರಂಥಗಳು ನುಡಿದ ಕಾಲವು ಸಮೀಪಿಸಿತೆಂದು ಭಾವಿಸಿದರು. ವೀರವಸಂತರಾಯನು ಬಂದು ಕಲ್ಯಾಣವನ್ನು ಮರಳಿ ಕಟ್ಟುವನೆಂಬುದು ಈ ನಾಡಿನಲ್ಲಿ ಬಹುಕಾಲದಿಂದ ಬೇರೂರಿದ್ದ ನಂಬಿಕೆ. ಸಾವಿರಾರು ಜನರು ಒಟ್ಟಾಗಿ ದೀಕ್ಷೆ ಹೊಂದುವರೆಂದೆಣಿಸಿದ ಮಿಷನ್ನು ಗದಗಿಗೆ ಸಮೀಪದ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ಒಕ್ಕಲುತನದ ಪಾಳೆಯವನ್ನೇ ಹೂಡಿತು. ಭೂಮಿ ಸಿದ್ಧವಾಯಿತು, ಜನರು ಬರಲಿಲ್ಲ. ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಕೇಳಿದ್ದರು. ಅವರು ಕಾಯುತ್ತಿದ್ದುದು ಕಲ್ಯಾಣದ ಪುನರುದಯವನ್ನು. ಇವರು ಕೊಡಬಂದುದು ಕಲ್ಯಾಣವನ್ನು ಬಿಟ್ಟುಬರುವ ಕರೆಯನ್ನು.

ಈ ನಿರಾಶೆಯ ಹಿಂದೆ ಇನ್ನೂ ಆಳವಾದ ಕಾರಣವಿದೆ. ವಿಗ್ರಹಪೂಜೆಯನ್ನೂ ಜಾತಿಭೇದವನ್ನೂ ಪುರೋಹಿತನನ್ನೂ ತಾಯ್ನುಡಿಯಲ್ಲಿಯೇ ಖಂಡಿಸುವ ಉಪದೇಶವು ಅನ್ಯಪ್ರಾಂತಗಳಲ್ಲಿ ಹೊಸದಾಗಿ ತೋರಿದ್ದಿರಬಹುದು. ವಚನಗಳನ್ನು ಏಳುನೂರು ವರ್ಷ ಕೇಳಿದ್ದ ನಾಡಿನಲ್ಲಿ ಅದು ಹೊಸದಲ್ಲ. ಒಕ್ಕಲಿಗನಿಗೆ ಮಠವಿದ್ದಿತು, ಗುರುವಿದ್ದನು, ಕೊರಳಲ್ಲಿ ಲಿಂಗವಿದ್ದಿತು. ದಕ್ಷಿಣ ಕನ್ನಡದ ಬಿಲ್ಲವರಲ್ಲಿ ಸಭೆಯು ಇದಕ್ಕಿಂತ ಬೇಗ ಬೆಳೆಯಿತೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿ ಮತಾಂತರದಿಂದ ಕುಲವೃತ್ತಿಯನ್ನು ಕಳೆದುಕೊಂಡವನಿಗೆ ಮಂಗಳೂರಿನ ಮಗ್ಗಗಳೂ 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಅನ್ನ ಕೊಟ್ಟವು. ಬಯಲುಸೀಮೆಯಲ್ಲಿ ದೀಕ್ಷೆ ಹೊಂದಿದವನು ಕುಲ, ನೆಂಟಸ್ತಿಕೆ, ಬಾವಿಯ ನೀರು ಇವೆಲ್ಲವನ್ನೂ ಒಂದೇ ದಿನ ಕಳೆದುಕೊಳ್ಳುವ ಸಂಭವವಿದ್ದಿತು. ಅವನನ್ನು ಸೇರಿಸಿಕೊಳ್ಳುವ ದೊಡ್ಡ ಸಮುದಾಯವು ಇರಲಿಲ್ಲ. ಹೀಗಿರುವಾಗ ಮಿಷನರಿಗಳು ಜನರ ಮನಸ್ಸಿನ ಕಾಠಿಣ್ಯವನ್ನು ದೂರುವುದು ಅಷ್ಟು ನ್ಯಾಯವಲ್ಲ.

ಬೆಳವಣಿಗೆಯು ಬಂದುದು ಯಾರೂ ಬಯಸದ ಮಾರ್ಗದಿಂದ. 1876–78ರ ಕ್ಷಾಮದಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಕುಗ್ಗಿತು. 1872ರಲ್ಲಿ 9 ಲಕ್ಷ 80 ಸಾವಿರಕ್ಕೆ ಮೇಲ್ಪಟ್ಟಿದ್ದುದು 1881ರ ಗಣತಿಯಲ್ಲಿ ಸುಮಾರು 8 ಲಕ್ಷ 83 ಸಾವಿರಕ್ಕೆ ಇಳಿದಿತ್ತು. ತಂದೆತಾಯಿಗಳಿಲ್ಲದ ಮಕ್ಕಳನ್ನು ಮಿಷನ್ನಿನವರು ಸಾಕಿದರು. ಇವರನ್ನು ಅನ್ನಕ್ಕಾಗಿ ಬಂದ ಕ್ರೈಸ್ತರೆಂದು ಹಗುರವಾಗಿ ನುಡಿಯುವವರುಂಟು. ಅನ್ನವು ಕಾರಣವಾಗಿದ್ದುದು ನಿಜ. ಆದರೆ ಆ ಮಕ್ಕಳಿಗೆ ಮರಳಿ ಹೋಗಲು ಮನೆಯೇ ಉಳಿದಿರಲಿಲ್ಲವೆಂಬುದೂ ಅಷ್ಟೇ ನಿಜ. ಕಾಲಜ್ಞಾನಿಗಳಿಗೆ ಬಿಡಬೇಕಾದ ಮನೆಯಿದ್ದಿತು. ಈ ಮಕ್ಕಳಿಗೆ ಸಭೆಯೇ ಮನೆಯಾಯಿತು. ಮುಂದೆ ಅವರಲ್ಲಿಯೇ ವಿವಾಹಸಂಬಂಧಗಳು ಬೆಳೆದು, ಬಿಡಿಬಿಡಿಯಾದ ಭಕ್ತರ ಗುಂಪು ಒಂದು ಸಮುದಾಯವಾಗುವುದಕ್ಕೆ ದಾರಿಯಾಯಿತು.

1914ರ ಮಹಾಯುದ್ಧವು ಇದನ್ನು ಒರೆಗೆ ಹಚ್ಚಿತು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಹಣವೂ ಆಳೂ ಹೋದ ಮೇಲೆ ಸಭೆಯು ಚದುರಬೇಕಾಗಿತ್ತು. ಚದುರಲಿಲ್ಲ. ಉಪದೇಶವೂ ಆರಾಧನೆಯೂ ಕನ್ನಡದಲ್ಲಿಯೇ ಇದ್ದುದರಿಂದ ದೇಶೀಯ ಪಾಲಕರು ಅವುಗಳನ್ನು ನಡೆಸಿಕೊಂಡು ಹೋದರು. ದಕ್ಷಿಣ ಭಾರತ ಸಭೆಯು 1947ರಲ್ಲಿ ಸ್ಥಾಪಿತವಾದಾಗ ಉತ್ತರದ ಈ ಸಭೆಗಳು ಕೂಡಲೇ ಅದರಲ್ಲಿ ಸೇರದೆ, ಕೆಲವು ದಶಕಗಳ ಮೇಲೆ ತಾವಾಗಿ ವಿಚಾರಮಾಡಿ ಸೇರಿದವು.