ಎಂಜಿನ್ನಿನ ಉಸಿರಿಗೆ ಎರಡು ಜರಡಿ

ಅಮೆರಿಕದ ಫೋರ್ಡ್ ಕಂಪೆನಿ 1925ರಲ್ಲಿ ಕಾರ್ಖಾನೆಯಲ್ಲೇ ಸಿದ್ಧಗೊಂಡ ತನ್ನ ಮೊದಲ ಪಿಕಪ್ ಟ್ರಕ್ಕನ್ನು 281 ಡಾಲರಿಗೆ ಮಾರಿತು. ಆ ಮಾಡೆಲ್ ಟಿ ಗಾಡಿಗೆ ಏರ್ ಫಿಲ್ಟರೇ ಇರಲಿಲ್ಲ. ಹೊಲದ ದೂಳು ನೇರವಾಗಿ ಸಿಲಿಂಡರಿಗೆ ನುಗ್ಗಿ, ಅದರಲ್ಲಿನ ಮರಳಿನ ಕಣ ಪಿಸ್ಟನ್ ರಿಂಗುಗಳನ್ನು ಸಾಣೆ ಹಿಡಿದಂತೆ ಸವೆಸುತ್ತಿತ್ತು. ಹೊರಗಿನಿಂದ ಕೊಂಡು ಹಾಕಿಸುವ ಫಿಲ್ಟರ್ ಅಂದು ಶೋಕಿಯಾಗಿರಲಿಲ್ಲ, ಎಂಜಿನ್ನಿನ ಆಯುಷ್ಯದ ಪ್ರಶ್ನೆಯಾಗಿತ್ತು.

ಮುಂದೆ ಕಂಪೆನಿಗಳೇ ಎಣ್ಣೆ ಬಟ್ಟಲಿನ ಫಿಲ್ಟರನ್ನೂ ಬಳಿಕ ಮಡಿಕೆ ಕಾಗದದ ಫಿಲ್ಟರನ್ನೂ ಕೂಡಿಸಿಕೊಟ್ಟವು. ಹಾಗಿದ್ದೂ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆ ಅಂಡ್ ಎನ್ ಸಂಸ್ಥೆ ಹುಟ್ಟಿತು. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು, ಗಾಳಿಯೂ ಸರಾಗ. ರೇಸಿನವರಿಗೆ ಅದು ಒಪ್ಪಿತು. ಆದರೆ ರೇಸಿನ ಎಂಜಿನ್ನನ್ನು ಆಗಾಗ ಬಿಚ್ಚಿ ಕಟ್ಟುತ್ತಾರೆ; ರೈತನ ಪಿಕಪ್ ವರ್ಷಗಟ್ಟಲೆ ದುಡಿಯಬೇಕು. ಗಾಳಿಯನ್ನು ಸರಾಗ ಬಿಡುವ ಬಟ್ಟೆ ಸಾಮಾನ್ಯವಾಗಿ ದೂಳನ್ನೂ ತುಸು ಹೆಚ್ಚೇ ಬಿಡುತ್ತದೆ. ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರ್ ಕೆಡುವುದೂ ಉಂಟು. ಕಾಗದವಾದರೋ ಒಂದಿಷ್ಟು ದೂಳು ಹಿಡಿದ ಮೇಲೆ ಇನ್ನೂ ನುಣ್ಣಗೆ ಸೋಸುತ್ತದೆ (ಕೊಳೆಯಾಯಿತೆಂದು ಅವಸರದಲ್ಲಿ ಎಸೆಯುವವರು ಇದನ್ನು ಗಮನಿಸಬೇಕು). ದಿನನಿತ್ಯದ ದುಡಿಮೆಗೆ ಅದೇ ಲೇಸು.

ಹೊರಗಿನ ಫಿಲ್ಟರ್ ಹಾಕಿದರೆ ವಾರಂಟಿಯೇ ಹೋಯಿತೆಂಬ ಭಯಕ್ಕೆ ಮಾತ್ರ ಅಲ್ಲಿ ಆಧಾರವಿಲ್ಲ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯಂತೆ, ಹಾನಿಗೆ ಆ ಬಿಡಿಭಾಗವೇ ಕಾರಣವೆಂದು ತೋರಿಸುವ ಹೊಣೆ ಕಂಪೆನಿಯದು.