ದಾಳಿಂಬೆಯ ಒಗರು ಮತ್ತು ಆಹಾರದಿಂದ ಹರಡುವ ವೈರಸ್‌ಗಳು

ದಾಳಿಂಬೆ ಸಿಪ್ಪೆಯ ಚೂರೊಂದನ್ನು ಅಗಿದರೆ ನಾಲಿಗೆ ಒಗರಾಗಿ ಬಿಗಿದುಕೊಳ್ಳುತ್ತದೆ. ಸಿಪ್ಪೆಯ ಟ್ಯಾನಿನ್‌ಗಳು, ಮುಖ್ಯವಾಗಿ ಪ್ಯುನಿಕಲಾಜಿನ್, ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ. ವೈರಸ್‌ಗಳ ಮೇಲೂ ಇವು ಬಹುಮಟ್ಟಿಗೆ ಇದೇ ರೀತಿ ಕೆಲಸ ಮಾಡುತ್ತವೆಂದು ಪ್ರಯೋಗಗಳು ಸೂಚಿಸುತ್ತವೆ. ಆಹಾರದಿಂದ ಹರಡಿ ವಾಂತಿಭೇದಿ ತರುವ ನೊರೊವೈರಸ್‌ಗೆ ಕೊಬ್ಬಿನ ಪೊರೆಯಿಲ್ಲ. ಒಂದೇ ಪ್ರೋಟೀನಿನ 180 ಪ್ರತಿಗಳು ಸೇರಿ ಕಟ್ಟಿದ ಕವಚವೇ ಅದರ ರಕ್ಷೆ. ಕೈಗೆ ಹಚ್ಚುವ ಆಲ್ಕೋಹಾಲ್‌ಗೆ ಅದು ಸುಲಭವಾಗಿ ಬಗ್ಗದಿರುವುದು ಇದೇ ಕಾರಣಕ್ಕೆ. ಟ್ಯಾನಿನ್ ಈ ಕವಚಕ್ಕೆ ಮೆತ್ತಿಕೊಂಡರೆ, ಕರುಳಿನ ಕೋಶವನ್ನು ಹಿಡಿಯಲು ವೈರಸ್‌ಗೆ ಬೇಕಾದ ಜಾಗವೇ ಮುಚ್ಚಿಹೋಗಬಹುದು.

ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ತಂಡವೊಂದು 2010ರಲ್ಲಿ ದಾಳಿಂಬೆ ರಸವನ್ನು ಮನುಷ್ಯರ ವೈರಸ್‌ಗಳ ಜಾಗದಲ್ಲಿ ಬಳಸುವ ಮೂರು ಬದಲಿ ವೈರಸ್‌ಗಳ ಮೇಲೆ ಪರೀಕ್ಷಿಸಿತು. ಬೆಕ್ಕಿನ ಕ್ಯಾಲಿಸಿವೈರಸ್ ಹೆಚ್ಚು ಕುಗ್ಗಿತು, ಇಲಿಯ ನೊರೊವೈರಸ್ ಅದಕ್ಕಿಂತ ಕಡಿಮೆ. ಎಂಎಸ್2 ಎಂಬ ಬ್ಯಾಕ್ಟೀರಿಯಾಭಕ್ಷಕ ವೈರಸ್ ಹೆಚ್ಚುಕಡಿಮೆ ಹಾಗೇ ಉಳಿಯಿತು. ಈ ವ್ಯತ್ಯಾಸವನ್ನು ಹಗುರವಾಗಿ ಕಾಣುವಂತಿಲ್ಲ. ಮನುಷ್ಯರ ನೊರೊವೈರಸ್ಸನ್ನು ಕರುಳಿನ ಕಿರುಅಂಗಾಂಶಗಳಲ್ಲಿ ಬೆಳೆಸುವ ವಿಧಾನ ಪ್ರಕಟವಾದದ್ದು 2016ರಲ್ಲಿ; ಅದಕ್ಕೆ ಮೊದಲಿನ ಫಲಿತಾಂಶಗಳೆಲ್ಲ ಹೆಚ್ಚಾಗಿ ಬದಲಿ ವೈರಸ್‌ಗಳ ಸಾಕ್ಷ್ಯ. ‘ಶೇ. 99ರಷ್ಟು ನಾಶ’ ಎಂಬ ಮಾತನ್ನೂ ಲೆಕ್ಕ ಹಾಕಿಯೇ ಓದಬೇಕು. ಹತ್ತು ಲಕ್ಷ ಕಣಗಳಿದ್ದರೆ ಇನ್ನೂ ಹತ್ತು ಸಾವಿರ ಉಳಿಯುತ್ತವೆ. ಸೋಂಕಿಗೆ ಕೆಲವು ಹತ್ತು ಕಣಗಳೂ ಸಾಕಾದೀತು.

2013ರಲ್ಲಿ ಅಮೆರಿಕದ ಹತ್ತು ರಾಜ್ಯಗಳಲ್ಲಿ 160ಕ್ಕೂ ಹೆಚ್ಚು ಮಂದಿಗೆ ಆಹಾರದಿಂದ ಹರಡುವ ಇನ್ನೊಂದು ವೈರಸ್ಸಾದ ಹೆಪಟೈಟಿಸ್ ಎ ತಗಲಿತು. ತನಿಖೆ ಬೊಟ್ಟು ಮಾಡಿದ್ದು ಹೆಪ್ಪುಗಟ್ಟಿಸಿದ ಹಣ್ಣಿನ ಮಿಶ್ರಣವೊಂದರಲ್ಲಿದ್ದ, ಟರ್ಕಿಯಿಂದ ಬಂದ ದಾಳಿಂಬೆ ಕಾಳುಗಳತ್ತ. ಟ್ಯಾನಿನ್‌ನಂಥ ಪಾಲಿಫಿನಾಲ್ ತುಂಬಿದ ಹಣ್ಣೇ ವೈರಸ್ಸನ್ನು ಹೊತ್ತು ತಂದದ್ದು ಹೇಗೆ? ಕಾಳನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಕಾರಣ ಹೊಳೆಯುತ್ತದೆ: ರಸ ತೆಳುಪೊರೆಯ ಒಳಗಿದೆ, ಮಲಿನವಾಗುವುದು ಹೊರಮೈ. ಕಾಳು ಒಡೆಯದ ಹೊರತು ಇವೆರಡೂ ಸಂಧಿಸುವುದಿಲ್ಲ. ಹೆಪ್ಪುಗಟ್ಟಿಸುವ ಚಳಿ ವೈರಸ್ಸನ್ನು ಕೊಲ್ಲುವ ಬದಲು ಕಾಪಿಡುತ್ತದೆ.

ಆದ್ದರಿಂದ ರಸಕ್ಕಿಂತ ಸಿಪ್ಪೆಯೇ ಹೆಚ್ಚಿನ ಗಮನಕ್ಕೆ ಅರ್ಹವೆಂಬುದು ನನ್ನ ನಿಲುವು. ಟ್ಯಾನಿನ್ ದಟ್ಟವಾಗಿರುವುದು ಅದರಲ್ಲೇ. ವಿಜಯಪುರ, ಬಾಗಲಕೋಟೆಯ ಕಡೆ ಬೆಳೆಯುವ ದಾಳಿಂಬೆಯ ಕಾಳು ಬಿಡಿಸಿದ ಮೇಲೆ ಉಳಿಯುವುದೂ ಅದೇ. ಕಾಳು ತೊಳೆಯುವ ನೀರಿಗೆ ಸಿಪ್ಪೆಯ ಸಾರ ಸೇರಿಸಿ, ಎಷ್ಟು ಪ್ರಮಾಣಕ್ಕೆ ಎಷ್ಟು ನಿಮಿಷ ಬೇಕೆಂದು ಕಾಳಿನ ಮೇಲೆಯೇ ಅಳೆಯಬೇಕು. ಒಗರು ರುಚಿಯನ್ನು ಕೆಡಿಸುವ ಮಿತಿಯನ್ನೂ ಜೊತೆಗೇ ಗುರುತಿಸಬೇಕು. ನಾವು ದಾಳಿಂಬೆ ಉದುರಿಸಿಕೊಂಡು ಉಣ್ಣುವ ಮೊಸರನ್ನದಲ್ಲೂ ಪ್ರತ್ಯೇಕ ಪರೀಕ್ಷೆ ಬೇಕು: ಅಲ್ಲಿ ಟ್ಯಾನಿನ್‌ಗೆ ಮೊದಲು ಎದುರಾಗುವುದು ವೈರಸ್ಸಿನ ಕವಚವಲ್ಲ, ಮೊಸರಿನ ಪ್ರೋಟೀನು.