ಘಾಟಿಯ ದಂಡು, ಸತ್ತವನ ಹೊಲ

ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರಿಗೆ ಕೌದಳ್ಳಿ ಮಾದಪ್ಪನ ದಾರಿಯ ಊರು. ಒಂದು ಕಾಲಕ್ಕೆ ಅದು ದಂಡಿನ ದಾರಿಯೂ ಆಗಿತ್ತು. ಕಾವೇರಿಪುರದ ಘಾಟಿ ಹತ್ತಿ ಮೈಸೂರು ಸೀಮೆಗೆ ಬರುವವರು ಹಿಡಿಯುತ್ತಿದ್ದುದು ಈ ಕಣಿವೆಯನ್ನೇ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ್ದ ಇಂಗ್ಲಿಷರಿಗೆ ದವಸ ಸಾಲದಾದಾಗ, ಕರ್ನಲ್ ರೀಡ್ ಮತ್ತು ಬ್ರೌನ್ ತರುತ್ತಿದ್ದ ಸಾಮಗ್ರಿಯನ್ನು ಎದುರುಗೊಳ್ಳಲು ಜನರಲ್ ಫ್ಲಾಯ್ಡ್ ಕುದುರೆ ದಂಡಿನೊಡನೆ ಘಾಟಿಯತ್ತ ಹೊರಟ. ಆ ಸಾಮಗ್ರಿ ಪಾಳೆಯ ಸೇರುವ ಮೊದಲೇ, ಮೇ 4ರಂದು, ಕೋಟೆ ಬಿತ್ತು.

ಆ ಯುದ್ಧವನ್ನು ನಾವು ಟಿಪ್ಪುವಿನ ಸಾವಿನಿಂದ ನೆನೆಯುತ್ತೇವೆ. ಅವನ ಪರ ಕಾದಿದ ಸಾಮಾನ್ಯ ಸಿಪಾಯಿಯ ಮನೆ ಆಮೇಲೆ ಏನಾಯಿತೆಂದು ಕೇಳುವುದು ಅಪರೂಪ. ಗೆದ್ದವರು ಟಿಪ್ಪುವಿನ ಕುಟುಂಬದ ಪೋಷಣೆಗೆ ಒಪ್ಪಂದದಲ್ಲೇ ಹಣ ಮೀಸಲಿಟ್ಟರು. ಟಿಪ್ಪುವಿನ ಸರದಾರ ಕಮರುದ್ದೀನನಿಗೆ ಗುರ್ರಂಕೊಂಡದ ಜಾಗೀರು ಸಿಕ್ಕಿತು. ಸಿಪಾಯಿಗೆ ಸಿಕ್ಕಿದ್ದು ಬಿಡುಗಡೆ ಮಾತ್ರ. ಕೆಲಸ ಕಳೆದುಕೊಂಡ ಅಂಥ ಹಲವರು ಬಂಡಾಯಗಾರ ಧೋಂಡಿಯಾ ವಾಘನ ಹಿಂದೆ ಹೋದರು. 1800ರ ಸೆಪ್ಟೆಂಬರ್‌ನಲ್ಲಿ ಅವನು ಸಾಯುವವರೆಗೂ ನಾಡು ತಣ್ಣಗಾಗಲಿಲ್ಲ. ದಿವಾನ್ ಪೂರ್ಣಯ್ಯ ಇದರ ಮರ್ಮ ಅರಿತವರು. ಹಳೆಯ ಸಿಲ್ಲೇದಾರ ಕುದುರೆ ಸವಾರರನ್ನೂ ಕಂದಾಚಾರದ ಕಾಲಾಳುಗಳನ್ನೂ ಸಂಬಳಕ್ಕಿಟ್ಟು ಅನ್ನದ ದಾರಿ ತೋರಿಸಿದರು. ಆದರೆ ಆ ಆಸರೆ ಮೈಸೂರಿನ ಗಡಿಯೊಳಗಿನದು. 1807ರಲ್ಲಿ ಪೂರ್ಣಯ್ಯನವರಿಗೆ ಜಾಗೀರಾಗಿ ಬಂದ ಯಳಂದೂರು ಗಡಿಯ ಈಚೆಗೆ. ಕೊಳ್ಳೇಗಾಲ, ಹನೂರು, ಕೌದಳ್ಳಿ ಆಚೆಗೆ, ಕಂಪನಿಯ ಕೊಯಮತ್ತೂರು ಜಿಲ್ಲೆಯಲ್ಲಿ. 1956ರವರೆಗೂ ಅಲ್ಲೇ ಉಳಿದವು.

ಕನ್ನಡ ನಾಡಿನ ಹಳೆಯ ವಾಡಿಕೆ ಹೀಗಿರಲಿಲ್ಲ. ಕಾದಿ ಮಡಿದವನಿಗೆ ವೀರಗಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆಯ ಹೊಲ: ಸ್ಮರಣೆಯೂ ಜೀವನಾಧಾರವೂ ಒಂದೇ ಕಲ್ಲಿನ ಮೇಲೆ. ಬೆಂಗಳೂರು ಬಳಿಯ ಬೇಗೂರಿನ ಶಾಸನದಲ್ಲಿ, ನಾಗತ್ತರನೆಂಬ ವೀರ ಯುದ್ಧದಲ್ಲಿ ಬಿದ್ದಾಗ ಗಂಗರ ದೊರೆ ಎರೆಯಪ್ಪ ಅವನ ಪಟ್ಟವನ್ನೂ ಬೇಗೂರು ಹನ್ನೆರಡು ಹಳ್ಳಿಗಳನ್ನೂ ಇರುಗನೆಂಬವನಿಗೆ ಕೊಡುತ್ತಾನೆ. ಮದ್ದೂರು ಸೀಮೆಯ ಆತಕೂರಿನ ಕಲ್ಲು ಇನ್ನೂ ಸೋಜಿಗದ್ದು. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರ ತನ್ನ ಒಡೆಯ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಡನೆ ಕಾದಿ ಸತ್ತಿತು. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತ ಆ ಕಲ್ಲಿಗೂ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ಪಾಪ ತಟ್ಟುವುದೆಂದು ಬರೆಸಿದರು. ಭೂಮಿ ಉಣ್ಣುವವನ ಮೇಲೆ ಹೊಣೆಯನ್ನೂ ಹೊರಿಸಿದರು.

ಇದು ಒಡೆಯನ ಕೃಪೆಯೇ ಹೊರತು ಹಕ್ಕಲ್ಲ, ಎಲ್ಲ ಮಡಿದವರಿಗೂ ಕಲ್ಲು ನಿಲ್ಲಲಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಸಾವನ್ನು ವೈಭವೀಕರಿಸಿ ಮತ್ತಷ್ಟು ಹುಡುಗರನ್ನು ಕಾಳಗಕ್ಕೆ ಸೆಳೆಯುವ ಉಪಾಯವೂ ಅದರಲ್ಲಿತ್ತು. ಇಂದಿನ ಕುಟುಂಬ ಪಿಂಚಣಿ ಕಾನೂನಿನ ಹಕ್ಕು. ಆ ಮಟ್ಟಿಗೆ ನಾವು ಗಂಗರಿಗಿಂತ ಮುಂದಿದ್ದೇವೆ, ಹಿಂದಕ್ಕೆ ಹೋಗಬೇಕಿಲ್ಲ. ಆದರೆ ಹಳೆಯ ಕಲ್ಲಿನಲ್ಲಿ ಕೊಟ್ಟದ್ದೇನು, ಯಾರಿಗೆ ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಕಿತ್ತುಕೊಂಡವನಿಗೆ ಶಾಪವೂ ಅಲ್ಲೇ ಇತ್ತು. ಈಗ ಸ್ಮಾರಕ ವೃತ್ತದಲ್ಲಿದೆ, ಹೊಣೆ ಕಡತದಲ್ಲಿದೆ. ಜುಲೈ 26ರ ಕಾರ್ಗಿಲ್ ದಿನವಾಗಲಿ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನವಾಗಲಿ, ತಾಲ್ಲೂಕಿನ ಸಭೆಯಲ್ಲಿ ಹಾರ ಹಾಕುವ ಮೊದಲು ಮಾಜಿ ಸೈನಿಕರ ಜಮೀನು, ಪಿಂಚಣಿಯ ಅರ್ಜಿಗಳು ಎಷ್ಟು ಬಾಕಿ ಇವೆ, ಯಾವ ಮೇಜಿನಲ್ಲಿ ನಿಂತಿವೆ ಎಂಬುದನ್ನು ಅಧಿಕಾರಿಗಳು ಎಲ್ಲರೆದುರು ಓದಿ ಹೇಳಬೇಕು.